ಅಪ್ರೂವ್, ಮಂಜೂರು, ಒಪ್ಪ

ದಾವಣಗೆರೆ–ಹರಿಹರದ ಸುತ್ತಮುತ್ತ ಸೈಟು ಮಾರುವ ಬೋರ್ಡುಗಳಲ್ಲಿ ಎದ್ದು ಕಾಣುವ ಪದ ‘ಅಪ್ರೂವ್ಡ್’. ಕೊಳ್ಳಲು ಬಂದವರ ಮೊದಲ ಪ್ರಶ್ನೆಯೂ ಅದೇ: “ಅಪ್ರೂವ್ ಆಗೈತೇನ್ರಿ?” ಆಡಳಿತ ಕನ್ನಡದ ಪದಗಳ ಚರಿತ್ರೆಯನ್ನು ಪಿಎಚ್.ಡಿ.ಗೆ ಆರಿಸಿಕೊಂಡಿರುವ ನನಗೆ ಈ ಪದದ ಬೆನ್ನು ಹತ್ತಬೇಕೆನಿಸಿತು.

‘ಅಪ್ರೂವ್’ನ ಮೂಲ ಲ್ಯಾಟಿನ್ನಿನ ‘ಅಪ್ರೊಬಾರೆ’. ಅದರೊಳಗಿನ ‘ಪ್ರೊಬುಸ್’ ಎಂದರೆ ಒಳ್ಳೆಯದು. ಪರೀಕ್ಷಿಸಿ ನೋಡಿ ಒಳ್ಳೆಯದೆನ್ನುವುದು ಈ ಕ್ರಿಯಾಪದದ ಹಳೆಯ ಅರ್ಥ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ‘ರುಜುವಾತು ಮಾಡು’ ಎಂಬ ಅರ್ಥವೂ ಇತ್ತು. ಇಂಗ್ಲೆಂಡಿನ ಹಳೆಯ ನ್ಯಾಯಾಲಯಗಳಲ್ಲಿ ತನ್ನ ತಪ್ಪೊಪ್ಪಿಕೊಂಡು ಜೊತೆಗಾರರ ಮೇಲಿನ ಆರೋಪವನ್ನು ಸಾಧಿಸಿ ತೋರಿಸಬೇಕಾದವನು ‘ಅಪ್ರೂವರ್’. 1830ರ ದಶಕದಲ್ಲಿ ಕಂಪನಿ ಸರ್ಕಾರ ಠಕ್ಕರ ಮೇಲೆ ನಡೆಸಿದ ಮೊಕದ್ದಮೆಗಳು ಇಂಥವರ ಹೇಳಿಕೆಗಳನ್ನೇ ನೆಚ್ಚಿಕೊಂಡಿದ್ದವು. ನಮ್ಮ ಪತ್ರಿಕೆಗಳು ಅಂಥವನನ್ನು ‘ಮಾಫಿ ಸಾಕ್ಷಿ’ ಎನ್ನುತ್ತವೆ.

ಇಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಮುಖ್ಯವಾಗಿ ಎರಡು ಬಳಕೆ. ಅಧಿಕಾರಿ ನಕ್ಷೆಯನ್ನು ‘ಅಪ್ರೂವ್’ ಮಾಡುತ್ತಾರೆ. ಅದು ಅಧಿಕಾರದ ಮಾತು. ಪಕ್ಕದಲ್ಲಿ ‘ಆಫ್’ ಸೇರಿ ‘ಅಪ್ರೂವ್ ಆಫ್’ ಆದರೆ ಅದು ಮನಸ್ಸಿನ ಮೆಚ್ಚುಗೆ. ಮೆಚ್ಚದೆಯೂ ಮಂಜೂರು ಮಾಡಬಹುದು. ಕನ್ನಡ ಎರವಲು ಪಡೆದದ್ದು ಅಧಿಕಾರದ ಅರ್ಥವನ್ನು ಮಾತ್ರ. ಮದುವೆಯ ವಿಷಯ ಬಂದರೆ ಇವತ್ತಿಗೂ “ಮನೆಯವರು ಒಪ್ಪಿದರು” ಎನ್ನುತ್ತೇವೆ.

ಕಚೇರಿಯ ಒಪ್ಪಿಗೆಗೆ ಇದಕ್ಕೂ ಮುಂಚೆ ನಾವು ಪಡೆದಿದ್ದ ಎರವಲು ‘ಮಂಜೂರು’. ಪಾರಸಿಯ ಮೂಲಕ ಬಂದ ಈ ಅರಬ್ಬಿ ಪದ ‘ನಜರು’ ಎಂಬುದರ ಬಳಗ, ಮೂಲಾರ್ಥ ‘ನೋಡಿದ್ದು’. ಅದಕ್ಕೂ ಹಿಂದಿನದು ಕನ್ನಡದ್ದೇ ಆದ ‘ಒಪ್ಪ’. ಚೆಲುವು, ಹೊಳಪು ಎನ್ನುವುದರ ಜೊತೆಗೆ ಈ ಪದಕ್ಕೆ ರುಜು ಎಂಬ ಅರ್ಥವೂ ಇದೆ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಮುಂದೆ ವಿಜಯನಗರದವರೂ ಶಾಸನ ಹಾಕಿಸಿದರು. ಆ ಅರಸರ ತಾಮ್ರಶಾಸನಗಳ ಒಕ್ಕಣೆ ನಾಗರಿ ಲಿಪಿಯ ಸಂಸ್ಕೃತದಲ್ಲಿದ್ದರೂ ಕೊನೆಯ ಒಪ್ಪ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರದಲ್ಲೇ ಇರುತ್ತಿತ್ತು. ಕೊಟ್ಟವರು ಯಾರೆಂದು ಓದಿದವರಿಗೆ ಗೊತ್ತಾಗುತ್ತಿತ್ತು.

ಪರೀಕ್ಷಿಸುವುದು, ನೋಡುವುದು, ರುಜು ಹಾಕುವುದು: ಮೂರು ಪದಗಳಲ್ಲೂ ಒಂದೊಂದು ಹೊಣೆಯಿದೆ. ಬೋರ್ಡಿನ ‘ಅಪ್ರೂವ್ಡ್’ ಆ ಹೊಣೆಯನ್ನು ಯಾರಿಗೂ ಹೊರಿಸುವುದಿಲ್ಲ. ಹೊಲವನ್ನು ಭೂ ಪರಿವರ್ತನೆ ಮಾಡಿಕೊಡುವ ಆದೇಶ ಜಿಲ್ಲಾಧಿಕಾರಿಯದು. ಬಡಾವಣೆಯ ನಕ್ಷೆಗೆ ಬೇಕಾದ ಅನುಮೋದನೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ್ದು. ಮೊದಲನೆಯದು ಸಿಕ್ಕ ಮಾತ್ರಕ್ಕೆ ಎರಡನೆಯದು ಸಿಕ್ಕಂತಲ್ಲ. ಆದರೆ ಎರಡನ್ನೂ ಜನ ‘ಅಪ್ರೂವ್’ ಎಂದೇ ಕರೆಯುತ್ತಾರೆ. ವರ್ಷಗಟ್ಟಲೆ ಕೂಡಿಟ್ಟ ದುಡ್ಡನ್ನು ಸೈಟಿಗೆ ಹಾಕುವವರು “ಅಪ್ರೂವ್ ಆಗೈತೇನ್ರಿ?” ಎಂದಷ್ಟೇ ಕೇಳಿದರೆ “ಆಗೈತಿ” ಎಂಬ ಉತ್ತರ ಸುಲಭ. ಶಾಲೆಯಲ್ಲಿ ಕಲಿತ ವ್ಯಾಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ರಿಯಾಪದ ಸಿಕ್ಕಿದ ಮೇಲೆ ಕರ್ತೃ ಯಾರು, ಕರ್ಮ ಯಾವುದು ಎಂದು ಕೇಳಬೇಕು: ಅಪ್ರೂವ್ ಮಾಡಿದವರು ಯಾರು? ಯಾವುದನ್ನು?