ಚೆಂಡಿನಾಟಗಳಲ್ಲಿ ಬಾಹ್ಯ ಹಸ್ತಕ್ಷೇಪ

ಆಟ ನಡೆಯುತ್ತಿರುವಾಗ ಆಟಗಾರನಲ್ಲದ ವ್ಯಕ್ತಿಯೋ, ಪಶುಪಕ್ಷಿಯೋ, ವೃಕ್ಷವೋ, ಯಂತ್ರವೋ ಚೆಂಡಿನ ಗತಿಯನ್ನು ತಡೆಯುವುದು, ತಿರುಗಿಸುವುದು ಇಲ್ಲವೆ ಚೆಂಡನ್ನೇ ಅಪಹರಿಸುವುದು ಬಾಹ್ಯ ಹಸ್ತಕ್ಷೇಪವೆನಿಸುತ್ತದೆ. ಗೆರೆಯೊಳಗೆ ಇಂತಿಷ್ಟೇ ಜನ, ಇಂತಿಂಥವೇ ಉಪಕರಣಗಳು ಎಂಬ ಭಾವನೆಯ ಮೇಲೆ ಕ್ರೀಡಾನಿಯಮಗಳೆಲ್ಲ ನಿಂತಿರುವುದರಿಂದ, ಆ ಗೆರೆಯನ್ನೇ ಅರಿಯದ ಜೀವವೋ ವಸ್ತುವೋ ಒಳಹೊಕ್ಕು ಆಟವನ್ನು ಪಲ್ಲಟಗೊಳಿಸಿದಾಗ, ಅದರ ನಷ್ಟವನ್ನು ಹೊರಬೇಕಾದವರು ಯಾರೆಂಬ ಪ್ರಶ್ನೆ ಏಳುತ್ತದೆ. ನಡೆದುದನ್ನು ದೈವಯೋಗವೆಂದು ಒಪ್ಪಿ ಮುಂದುವರಿಯುವುದು ಒಂದು ಮಾರ್ಗ. ನಡೆಯಲೇ ಇಲ್ಲವೆಂದು ಎಣಿಸಿ ಪೂರ್ವಸ್ಥಿತಿಗೆ ಮರಳುವುದು ಮತ್ತೊಂದು. ಇವೆರಡರ ನಡುವೆ ಯಾವುದು ನ್ಯಾಯ್ಯವೆಂಬುದನ್ನು ಒಂದೊಂದು ಆಟವೂ ಬಹುಮಟ್ಟಿಗೆ ಆಕಸ್ಮಿಕಗಳು ಸಂಭವಿಸಿದ ಮೇಲೆಯೇ ನಿರ್ಣಯಿಸಿಕೊಂಡಿದೆ.

ಕ್ರಿಕೆಟ್ಟಿನಲ್ಲಿ ಇದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನ ಒಂದು ಗುಬ್ಬಚ್ಚಿಯದು. 1936ರ ಜುಲೈ 3ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಎಂ.ಸಿ.ಸಿ. ತಂಡಕ್ಕೂ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ತಂಡಕ್ಕೂ ಪಂದ್ಯ ನಡೆಯುತ್ತಿರಲಾಗಿ, ಜಲಂಧರದಲ್ಲಿ ಜನಿಸಿ, 1932ರಲ್ಲಿ ಅದೇ ಮೈದಾನದಲ್ಲಿ ಭಾರತದ ಪ್ರಪ್ರಥಮ ಟೆಸ್ಟ್ ಪಂದ್ಯವನ್ನಾಡಿ, ಅನಂತರ ವ್ಯಾಸಂಗಾರ್ಥವಾಗಿ ಕೇಂಬ್ರಿಜ್ ಸೇರಿದ್ದ ಜಹಾಂಗೀರ್ ಖಾನರು ಟಿ. ಎನ್. ಪಿಯರ್ಸರಿಗೆ ಎಸೆದ ಚೆಂಡು, ಅಡ್ಡ ಹಾರಿಬಂದ ಗುಬ್ಬಚ್ಚಿಯೊಂದಕ್ಕೆ ತಗಲಿ ಅದು ಅಲ್ಲಿಯೇ ಅಸುನೀಗಿತು. ಆ ಪುಟ್ಟ ಕಳೇಬರವನ್ನು ಕೆಡದಂತೆ ಸಂಸ್ಕರಿಸಿ, ಕೆಂಪು ಚೆಂಡಿನ ಮೇಲೆ ಸಜೀವವಾಗಿ ಕುಳಿತಂತೆ ನಿಲ್ಲಿಸಿ, ಲಾರ್ಡ್ಸ್ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಯಿತು. ಯಾರ ದೋಷವೂ ಇಲ್ಲದೆ ನಡೆದುಹೋದ ಆ ಸಾವಿಗೆ ಸಂದ ಗೌರವವೆಂದೇ ಅದನ್ನು ಭಾವಿಸಬೇಕು.

ಚಲಿಸುವ ಜೀವಿಯ ಮಾತು ಇಂತಾದರೆ, ಅಲುಗದೆ ನಿಂತ ವೃಕ್ಷದ ವಿಷಯ ಬೇರೆ. ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ 1847ರಲ್ಲಿ ಸ್ಥಾಪಿತವಾದ ಸೇಂಟ್ ಲಾರೆನ್ಸ್ ಮೈದಾನದಲ್ಲಿ ಮೊದಲೇ ಬೆಳೆದಿದ್ದ ಲಿಂಡನ್ ಜಾತಿಯ ಮರವೊಂದನ್ನು ಕಡಿಯದೆ ಬೌಂಡರಿಯ ಒಳಗೇ ಉಳಿಸಿಕೊಂಡು, ಚೆಂಡು ಅದಕ್ಕೆ ತಾಗಿದರೆ ನಾಲ್ಕು ಓಟವೆಂದು ಸ್ಥಳೀಯ ನಿಯಮವನ್ನೇ ಮಾಡಿಕೊಂಡರು. 2005ರ ಜನವರಿಯಲ್ಲಿ ಬಿರುಗಾಳಿಗೆ ಆ ಮರ ಮುರಿದುಬಿತ್ತು. ಅಡ್ಡಿಯನ್ನು ನಿವಾರಿಸುವ ಬದಲು ಆಟದ ಅಂಗವಾಗಿ ಸ್ವೀಕರಿಸಿದ ಇಂಥ ಔದಾರ್ಯ ಕ್ರೀಡಾಚರಿತ್ರೆಯಲ್ಲಿ ವಿರಳ. ಇತ್ತ ಕ್ರಿಕೆಟ್ ನಿಯಮಗಳ 2022ರ ಪರಿಷ್ಕರಣದಂತೆ, ಮೈದಾನದೊಳಗಿನ ವ್ಯಕ್ತಿ, ಪ್ರಾಣಿ ಅಥವಾ ಅನ್ಯವಸ್ತುವಿನಿಂದ ಯಾವೊಂದು ಪಕ್ಷಕ್ಕಾದರೂ ಹಾನಿಯಾಯಿತೆಂದು ಕಂಡರೆ ಅಂಪೈರು ‘ಡೆಡ್ ಬಾಲ್’, ಎಂದರೆ ಚೆಂಡು ಇನ್ನು ಆಟದಲ್ಲಿಲ್ಲ, ಎಂದು ಸಾರಬೇಕು.

ಗಾಲ್ಫ್ ಆಟದಲ್ಲಿ ನಿಂತ ಚೆಂಡಿಗೂ ಚಲಿಸುವ ಚೆಂಡಿಗೂ ಸ್ಪಷ್ಟವಾದ ಭೇದವುಂಟು. ಚಲಿಸುವ ಚೆಂಡು ಪ್ರಾಣಿಗೆ ತಾಗಿ ದಿಕ್ಕು ತಪ್ಪಿದರೆ ಸಾಮಾನ್ಯವಾಗಿ ಅದು ನಿಂತಲ್ಲಿಂದಲೇ ಆಡತಕ್ಕದ್ದು. ನಿಂತ ಚೆಂಡನ್ನು ಪ್ರಾಣಿ ಕದಲಿಸಿದರೆ ಸ್ವಸ್ಥಾನದಲ್ಲಿಡತಕ್ಕದ್ದು. 1998ರಲ್ಲಿ ಫ್ಲಾರಿಡಾದ ಸಾಗ್ರಾಸ್‌ನಲ್ಲಿ, ಸುತ್ತ ನೀರಿರುವ ಹದಿನೇಳನೆಯ ಗುಂಡಿಯ ಹಸುರು ನೆಲದ ಮೇಲೆ ಬಂದು ನಿಂತಿದ್ದ ಸ್ಟೀವ್ ಲವರಿಯವರ ಚೆಂಡನ್ನು ಕಡಲಹಕ್ಕಿಯೊಂದು ಕೊಕ್ಕಿನಲ್ಲಿ ಕಚ್ಚಿ, ಜಾರಿಸಿ, ಮತ್ತೆ ಕಚ್ಚಿ, ಕೊನೆಗೆ ನೀರಿಗೆ ಬೀಳಿಸಿದಾಗ, ದಂಡವಿಲ್ಲದೆ ಮೊದಲಿನ ಎಡೆಯಿಂದ ಆಡಲು ಅವರಿಗೆ ಅವಕಾಶ ದೊರೆತದ್ದು ಈ ನಿಯಮದಿಂದಲೇ.

ಪ್ರೇಕ್ಷಕರ ಹಸ್ತಕ್ಷೇಪದಿಂದ ಹೆಚ್ಚಾಗಿ ನೊಂದ ಆಟ ಅಮೆರಿಕದ ಬೇಸ್‌ಬಾಲ್. 2001ರ ಮಾರ್ಚ್ 24ರಂದು ಅರಿಜೋನಾದ ಟೂಸಾನ್‌ನಲ್ಲಿ ರ‍್ಯಾಂಡಿ ಜಾನ್ಸನ್ ಎಸೆದ ಚೆಂಡು ಪಾರಿವಾಳವೊಂದಕ್ಕೆ ಬಡಿದು, ಗರಿಗಳು ಗಾಳಿಯಲ್ಲಿ ಚದುರಿದಾಗ, ಆ ಎಸೆತ ಲೆಕ್ಕಕ್ಕಿಲ್ಲವೆಂದು ಹೇಳಿ ಮುಗಿಸಲು ಸಾಧ್ಯವಾಯಿತು. ಮನುಷ್ಯನ ಕೈ ಚಾಚಿಬಂದಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಪ್ರೇಕ್ಷಕನು ಗೋಡೆಯನ್ನು ದಾಟಿ ಮೈದಾನದೊಳಕ್ಕೆ ಕೈಚಾಚಿದರೆ ಹಸ್ತಕ್ಷೇಪ. ಆಟಗಾರನೇ ಪ್ರೇಕ್ಷಕರ ಕಡೆಗೆ ಕೈಚಾಚಿದರೆ ಹೊಣೆ ಅವನದು. 1996ರ ಅಕ್ಟೋಬರ್ 9ರಂದು ನ್ಯೂಯಾರ್ಕಿನಲ್ಲಿ ಯಾಂಕೀಸ್ ತಂಡದ ಡೆರೆಕ್ ಜೀಟರ್ ಹೊಡೆದ ಚೆಂಡನ್ನು ಹನ್ನೆರಡು ವರ್ಷದ ಬಾಲಕನೊಬ್ಬ ಗೋಡೆಯಾಚೆ ಕೈಚಾಚಿ ಒಳಕ್ಕೆಳೆದುಕೊಂಡಾಗ ಅಂಪೈರ್ ರಿಚ್ ಗಾರ್ಸಿಯಾ ಅದನ್ನು ಹೋಮ್ ರನ್ ಎಂದು ಸಾರಿದರು. ಹಿಂದಿದ್ದ ಯಾಂಕೀಸ್ ಸಮಬಲ ಸಾಧಿಸಿ ಹನ್ನೊಂದನೆಯ ಇನಿಂಗ್ಸಿನಲ್ಲಿ ಗೆದ್ದಿತು. ಚಿತ್ರಗಳನ್ನು ನೋಡಿದ ಮೇಲೆ ಹಸ್ತಕ್ಷೇಪ ನಡೆದದ್ದನ್ನು ಗಾರ್ಸಿಯಾ ಒಪ್ಪಿದರೂ ಫಲಿತಾಂಶ ಬದಲಾಗಲಿಲ್ಲ. ಹೋಮ್ ರನ್ ತೀರ್ಪುಗಳಿಗೆ ಚಿತ್ರಸಾಕ್ಷ್ಯದ ಆಶ್ರಯ ದೊರೆತದ್ದು 2008ರಲ್ಲಿ.

ಇದಕ್ಕಿಂತ ಮನಕಲಕುವ ಪ್ರಸಂಗ 2003ರ ಅಕ್ಟೋಬರ್ 14ರಂದು ಷಿಕಾಗೋದಲ್ಲಿ ನಡೆಯಿತು. 1945ರಿಂದೀಚೆಗೆ ಬೇಸ್‌ಬಾಲಿನ ಅಂತಿಮ ಹಣಾಹಣಿಯಾದ ವಿಶ್ವಸರಣಿಯ (ವರ್ಲ್ಡ್ ಸೀರೀಸ್) ಮುಖವನ್ನೇ ಕಾಣದ ಕಬ್ಸ್ ತಂಡವು 3–0 ಮುನ್ನಡೆಯಲ್ಲಿದ್ದಾಗ, ಗೋಡೆಯ ಬಳಿ ಮೊಯಿಸೆಸ್ ಅಲೂ ಹಿಡಿಯಲು ಹಾರಿದ ಚೆಂಡಿಗೆ ಪ್ರೇಕ್ಷಕರು ಹಲವರು ಕೈಚಾಚಿದರು. ಒಬ್ಬರ ಕೈ ತಗಲಿತು. ಅದು ಹಸ್ತಕ್ಷೇಪವಲ್ಲವೆಂದು ಅಂಪೈರು ತೀರ್ಮಾನಿಸಿದರು. ಅನಂತರ ಕಬ್ಸ್‌ನ ಅಲೆಕ್ಸ್ ಗೊನ್ಜಾಲೆಜ್ ಕೈಗೆ ಬಂದ ಚೆಂಡನ್ನು ಬಿಟ್ಟರು, ಎದುರಾಳಿಗಳು ಆ ಇನಿಂಗ್ಸಿನಲ್ಲಿಯೇ ಎಂಟು ಓಟ ಗಳಿಸಿದರು, ಮರುದಿನದ ನಿರ್ಣಾಯಕ ಪಂದ್ಯವೂ ಸೋಲಾಯಿತು. ಇಷ್ಟಾದರೂ ಜನಾಕ್ರೋಶವೆಲ್ಲ ಆ ಒಬ್ಬ ಅಭಿಮಾನಿಯ ಮೇಲೆ ಬಿದ್ದು, ಅವರು ಸಾರ್ವಜನಿಕ ಜೀವನದಿಂದಲೇ ಮರೆಯಾಗಬೇಕಾಯಿತು. ನಿಯಮ ನಿರ್ದೋಷಿಯೆಂದ ವ್ಯಕ್ತಿಯನ್ನು ಜನಸಮೂಹ ದಂಡಿಸಿದ ಈ ಅನ್ಯಾಯಕ್ಕೆ ಸಮರ್ಥನೆಯಿಲ್ಲ. 2016ರಲ್ಲಿ ವಿಶ್ವಸರಣಿಯನ್ನು ಗೆದ್ದ ಕಬ್ಸ್, ಮರುವರ್ಷ ಅವರಿಗೂ ವಿಜಯದ ಉಂಗುರವನ್ನಿತ್ತು ಗೌರವಿಸಿತು.

ಫುಟ್‌ಬಾಲಿನಲ್ಲಿ 2009ರ ಅಕ್ಟೋಬರ್ 17ರ ಪ್ರಸಂಗ ನಿಯಮದ ತಪ್ಪು ಅನ್ವಯದಿಂದ ಹುಟ್ಟಿದ್ದು. ಸಂಡರ್ಲೆಂಡ್ ತಂಡದ ಡ್ಯಾರೆನ್ ಬೆಂಟ್ ಐದನೆಯ ನಿಮಿಷದಲ್ಲಿ ಒದ್ದ ಚೆಂಡು, ಪ್ರೇಕ್ಷಕಾಂಗಣದಿಂದ ಬಂದು ಬಿದ್ದಿದ್ದ, ಕಡಲತೀರದಲ್ಲಿ ಆಡುವಂಥ ಕೆಂಪು ಗಾಳಿಚೆಂಡಿಗೆ ತಾಗಿ ದಿಕ್ಕು ಬದಲಿಸಿ, ಲಿವರ್‌ಪೂಲಿನ ಗೋಲ್‌ರಕ್ಷಕ ಪೆಪೆ ರೈನಾರನ್ನು ವಂಚಿಸಿ ಗೋಲು ಸೇರಿತು. ಆಟ ನಿಲ್ಲಿಸಿ ಚೆಂಡನ್ನು ಬೀಳಿಸಿ ಪುನರಾರಂಭಿಸಬೇಕಾಗಿದ್ದ ರೆಫರಿ ಮೈಕ್ ಜೋನ್ಸ್ ಗೋಲನ್ನೇ ಮಾನ್ಯಮಾಡಿದರು. ಸಂಡರ್ಲೆಂಡ್ 1–0ರಿಂದ ಗೆದ್ದಿತು. ರೆಫರಿಯ ಮೈಗೆ ತಾಗಿದ ಚೆಂಡು ಗೋಲಾದರೆ ಇಲ್ಲವೆ ಎದುರು ಪಕ್ಷದ ವಶವಾದರೆ ಆಟ ನಿಲ್ಲಿಸಬೇಕೆಂಬ ನಿಯಮ 2019ರಲ್ಲಿ ಬಂದಿತು.

ಈಚಿನ ಅಡ್ಡಿಗಳನ್ನು ಪ್ರಸಾರಯಂತ್ರಗಳೇ ತಂದಿವೆ. 2015ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ, ಕರ್ನಾಟಕದ ಕೆ. ಎಲ್. ರಾಹುಲ್ 46 ಓಟ ಗಳಿಸಿದ್ದಾಗ ಮೇಲಕ್ಕೆ ಹೊಡೆದ ಚೆಂಡನ್ನು ಸ್ಟೀವ್ ಸ್ಮಿತ್ ಕೈಬಿಟ್ಟು, ಮೈದಾನದ ಮೇಲೆ ತಂತಿಗಳಲ್ಲಿ ತೂಗುವ ‘ಸ್ಪೈಡರ್‌ಕ್ಯಾಮ್’ ಎಂಬ ಕ್ಯಾಮರಾದ ತಂತಿಯತ್ತ ಬೆರಳು ತೋರಿದರು. ಚೆಂಡು ತಂತಿಗೆ ತಾಗಲಿಲ್ಲ, ತಂತಿ ದೃಷ್ಟಿಗೆ ಅಡ್ಡಬಂದು ಗಮನ ಚದುರಿತೆಂದು ಆಸ್ಟ್ರೇಲಿಯದ ಕ್ರಿಕೆಟ್ ಮಂಡಳಿಯೂ ಪ್ರಸಾರಸಂಸ್ಥೆಯೂ ಬಳಿಕ ಹೇಳಿದವು. ರಾಹುಲ್ 110 ಓಟ ಗಳಿಸಿ ತಮ್ಮ ಪ್ರಥಮ ಟೆಸ್ಟ್ ಶತಕವನ್ನು ಪೂರೈಸಿದರು. ಅಂತರರಾಷ್ಟ್ರೀಯ ಪಂದ್ಯಗಳ ನಿಯಮದಂತೆ, ಹೊಡೆದ ಚೆಂಡು ಇಂಥ ಕ್ಯಾಮರಾಕ್ಕಾಗಲಿ ಅದರ ತಂತಿಗಾಗಲಿ ತಾಗಿದ ಕ್ಷಣವೇ ‘ಡೆಡ್ ಬಾಲ್’; ಆ ಬಳಿಕ ಹಿಡಿದ ಕ್ಯಾಚಿಗೆ ಮಾನ್ಯತೆಯಿಲ್ಲ.