ಮನೆಯ ಕಾವಲು, ಕೋವಿಯ ಕಟ್ಟಳೆ

ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳದಲ್ಲಿ 2018ನೆಯ ಇಸವಿಯಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಅದು ಗಂಗರ ಶ್ರೀಪುರುಷನ ಆಳ್ವಿಕೆಗೆ, ಎಂದರೆ ಸುಮಾರು ಕ್ರಿ.ಶ. 750ಕ್ಕೆ ಸೇರಿದುದೆಂದು ವಿದ್ವಾಂಸರ ಮತ. ರಟ್ಟವಾಡಿಯವರು ಏರಿ ಬಂದಾಗ ಕಿತ್ತಯ್ಯನೆಂಬವನು ಪೆರ್ಬೊಳಲ್‌ನಾಡು ಮೂವತ್ತನ್ನು ಕಾಯಲು ಹೋರಾಡಿ ಮಡಿದನೆಂಬುದು ಅದರ ಸಾರ. ಪೆರ್ಬೊಳಲ್ ಎಂದರೆ ದೊಡ್ಡ ಊರು. ಇಂದಿನ ಹೆಬ್ಬಾಳದ ಹೆಸರು ಅದರಿಂದಲೇ ಬಂದಿರಬೇಕು. ಬೆಂಗಳೂರಿನ ಪರಿಸರದಲ್ಲಿ ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರುವ ಈ ಕಲ್ಲು ಅರಸನ ದಾನವನ್ನಾಗಲಿ ದೇವಾಲಯದ ಕಟ್ಟಡವನ್ನಾಗಲಿ ಹೇಳುತ್ತಿಲ್ಲ. ಊರನ್ನು ಕಾಯ್ದವನೊಬ್ಬನನ್ನು ಅದು ನೆನೆಯುತ್ತದೆ. ಮನೆಯ ಕಾವಲನ್ನೂ ಮನೆಯೊಳಗಿನ ಆಯುಧವನ್ನೂ ಕುರಿತು ವಿಚಾರ ಮಾಡಹೊರಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.

ಕಿತ್ತಯ್ಯನು ಕಾಯ್ದದ್ದು ತನ್ನೊಬ್ಬನ ಮನೆಯ ಬಾಗಿಲನ್ನಲ್ಲ, ನಾಡನ್ನು. ನಮ್ಮ ಸೀಮೆಯ ವೀರಗಲ್ಲುಗಳಲ್ಲಿ ಬಹುಮಟ್ಟಿನವು ಇಂತಹವೇ ಆಗಿವೆ. ತುರುಗಳನ್ನು ಅಟ್ಟಿಕೊಂಡು ಹೋದವರನ್ನು ಬೆನ್ನಟ್ಟಿದವನಿಗೆ, ಊರಳಿವನ್ನು ತಡೆದವನಿಗೆ, ಪೆಣ್ಬುಯ್ಯಲಿನಲ್ಲಿ ಮಡಿದವನಿಗೆ ಊರವರು ಕಲ್ಲು ನಿಲ್ಲಿಸಿದರು. ಪ್ರಾಣರಕ್ಷಣೆಯೂ ಸೊತ್ತಿನ ರಕ್ಷಣೆಯೂ ಆ ಕಾಲಕ್ಕೆ ಊರು ಒಟ್ಟಾಗಿ ಹೊತ್ತ ಭಾರವಾಗಿದ್ದುವೆಂಬುದು ಇದರಿಂದ ತಿಳಿಯಬರುತ್ತದೆ.

ಯಲಹಂಕನಾಡಿನ ಪ್ರಭುಗಳ ಕಾಲಕ್ಕೂ ಈ ಏರ್ಪಾಡು ಮುಂದುವರಿಯಿತು. 1537ರಲ್ಲಿ ಕೆಂಪೇಗೌಡನು ಬೆಂಗಳೂರಿಗೆ ಮಣ್ಣಿನ ಕೋಟೆಯನ್ನು ಹಾಕಿಸಿದನೆಂದು ಪ್ರತೀತಿ. ಸಣ್ಣ ಹಳ್ಳಿಗಳಲ್ಲಿಯೂ ಮಣ್ಣಿನ ಗೋಡೆ, ಮೂಲೆಗೊಂದು ಹುಡೇವು, ಸುತ್ತ ಕಳ್ಳಿಯ ಬೇಲಿ ಇರುತ್ತಿದ್ದುವು. ರಾತ್ರಿಯ ಗಸ್ತಿಗೆ ತಳವಾರನೂ ತೋಟಿಯೂ ಇದ್ದರು. ಅವರಿಗೆ ಕಣದಲ್ಲಿ ಆಯ ಸಲ್ಲುತ್ತಿತ್ತು. ಕಳವಾದರೆ ಜಾಡು ಹಿಡಿದು ಹೋಗುವ ಹೊಣೆ ಅವರದು. ಮೈಸೂರು ಸಂಸ್ಥಾನದಲ್ಲಿ ಕಂದಾಚಾರದವರೆಂಬ ನಾಡಪಡೆಯೂ ಇತ್ತು. ಅವರು ಊರಲ್ಲಿದ್ದು ಬೇಸಾಯ ಮಾಡುತ್ತ, ಕರೆ ಬಂದಾಗ ಆಯುಧ ಹಿಡಿಯುವರು; ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಪೊಲೀಸಿನ ಕೆಲಸವೂ ಅವರಿಂದ ನಡೆಯಿತು. ಆಯುಧವು ಮನೆಯಲ್ಲಿದ್ದರೂ ಅದರ ಮೇಲಿನ ಕಟ್ಟಳೆ ಊರಿನದೂ ಅರಸನದೂ ಆಗಿತ್ತು.

ಮದ್ದುಗುಂಡಿನ ಆಯುಧಗಳು ಬಳಕೆಗೆ ಬಂದಮೇಲೆ ಈ ವ್ಯವಸ್ಥೆ ಸಡಿಲವಾಯಿತು. ಬಂದೂಕು, ತುಪಾಕಿ ಎಂಬ ಮಾತುಗಳು ಹೊರಗಿನಿಂದ ಬಂದವು. ಕೋವಿ ಎಂಬುದು ಮಾತ್ರ ನಮ್ಮದೇ ಮಾತು, ಕೊಳವೆಯೆಂದು ಅದರ ಅರ್ಥ. ಮದ್ದು ಎಂಬ ಒಂದೇ ಪದವು ರೋಗವನ್ನು ಕಳೆಯುವ ಔಷಧಕ್ಕೂ ಪ್ರಾಣವನ್ನು ಕಳೆಯುವ ಪುಡಿಗೂ ಸಲ್ಲುವುದು ನಮ್ಮ ಭಾಷೆಯ ಒಂದು ವಿನೋದ. 1791ರ ಮಾರ್ಚ್ ತಿಂಗಳಲ್ಲಿ ಕಾರನ್‌ವಾಲಿಸ್ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಪೇಟೆಯ ಗೋಡೆ, ಕಂದಕ, ಮುಳ್ಳಿನ ದಟ್ಟ ಬೇಲಿ ಇವಾವುವೂ ಫಿರಂಗಿಯ ಮುಂದೆ ನಿಲ್ಲಲಿಲ್ಲ. ಕಳ್ಳರನ್ನು ತಡೆಯಲು ಸಾಕಾಗಿದ್ದ ಊರಗೋಡೆ ಹೊಸ ಯುದ್ಧಕ್ಕೆ ಸಾಲದಾಯಿತು.

1857ರ ಬಂಡಾಯದ ತರುವಾಯ ಆಂಗ್ಲ ಸರ್ಕಾರವು ಪ್ರಜೆಗಳ ಕೈಯಿಂದ ಆಯುಧಗಳನ್ನು ಬಿಡಿಸಲು ಮೊದಲುಮಾಡಿತು. ಲಿಟನ್ನನ ಆಡಳಿತದಲ್ಲಿ, 1878ರಲ್ಲಿ, ಆಯುಧಗಳ ಕಾಯಿದೆ ಬಂದು ಪರವಾನಗಿಯಿಲ್ಲದೆ ಕೋವಿ ಇಡುವುದು ಅಪರಾಧವಾಯಿತು. ಆದರೆ ಇದಕ್ಕೆ ಒಂದು ವಿನಾಯಿತಿ ಆಗಲೇ ಹುಟ್ಟಿತ್ತು. ಬೆಂಗಳೂರಿನಲ್ಲಿದ್ದುಕೊಂಡು ಮೈಸೂರನ್ನೂ ಕೊಡಗನ್ನೂ ಆಳುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್, 1861ರಲ್ಲಿ ಕೊಡಗಿನವರನ್ನು ನಿರಾಯುಧರನ್ನಾಗಿ ಮಾಡತಕ್ಕದ್ದಲ್ಲವೆಂದು ಆಜ್ಞೆ ಹೊರಡಿಸಿದನು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ದೊರೆತ ಆ ಸವಲತ್ತು ಇಂದಿಗೂ ಉಳಿದಿದೆ. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಈ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು.

ಪರವಾನಗಿಯ ಕಟ್ಟಿಲ್ಲದ ಕಡೆ ಕೋವಿಗೆ ಕಟ್ಟೇ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬವನ್ನು ನೋಡಬೇಕು. ಭತ್ತದ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಒಕ್ಕದವರು ಆಯುಧಗಳನ್ನೆಲ್ಲ ತೊಳೆದು ಒರಸಿ, ದೀಪದ ಮುಂದಿಟ್ಟು, ತೋಕ್ ಪೂವೆಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ. ಬಳಿಕ ಬಯಲಿನಲ್ಲಿ ನೆರೆದು, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಗುಂಡು. ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು ಗುಂಡು. ಕಿವಿಗೆ ಬಿದ್ದ ಸದ್ದಿನ ಲೆಕ್ಕದಿಂದಲೇ ನೆರೆಯವರು ವರ್ತಮಾನವನ್ನು ಅರಿಯುತ್ತಿದ್ದರು. ಯಾವಾಗ ಹಾರಿಸಬೇಕು, ಎಷ್ಟು ಹಾರಿಸಬೇಕು ಎಂಬುದು ಅಲ್ಲಿ ಒಬ್ಬನ ಇಷ್ಟಕ್ಕೆ ಬಿಟ್ಟ ಮಾತಲ್ಲ. ಕೋವಿಯು ಒಕ್ಕದ ಸೊತ್ತು, ಹಿರಿಯರ ಕಣ್ಣೆದುರಿನ ವಸ್ತು.

ಕೊಡಗಿಗೆ ಪರಂಪರೆಯಿಂದ ದೊರೆತ ಈ ಅವಕಾಶವನ್ನು ದೇಶಕ್ಕೆಲ್ಲ ಹಕ್ಕಾಗಿ ಕೊಡಬಾರದೇಕೆ? ಈ ಪ್ರಶ್ನೆಯೂ ಎದ್ದಿತ್ತು. 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕುಗಳಲ್ಲಿ ಒಂದೆಂದು ಎಣಿಸಿತ್ತು. 1948ರ ಡಿಸೆಂಬರ್ ತಿಂಗಳಲ್ಲಿ, ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು ಸಂವಿಧಾನ ಸಭೆಯಲ್ಲಿ ಅದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಪರರ ಆಳ್ವಿಕೆಯಲ್ಲಿ ನಿರಾಯುಧತೆ ಅವಮಾನವಾಗಿ ತೋರಿತ್ತು. ಸ್ವಂತ ರಾಜ್ಯವನ್ನು ಕಟ್ಟಹೊರಟಾಗಲಾದರೋ, ಆಯುಧವು ಯಾರ ಕೈಗೆ ಸೇರೀತು ಎಂಬ ಚಿಂತೆ ಮುಂದೆ ಬಂದಿತು. ಕಡೆಗೆ 1959ರ ಆಯುಧಗಳ ಕಾಯಿದೆಯು 1878ರದನ್ನು ರದ್ದುಗೊಳಿಸಿ, 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಹಕ್ಕಿನ ಬದಲಿಗೆ ಪರವಾನಗಿಯೇ ನಿಂತಿತು.

ಆತ್ಮರಕ್ಷಣೆಯ ಹಕ್ಕು ಮಾತ್ರ ಬೇರೆ. ಅದು ಹಿಂದೆ ದಂಡಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಇದೆ. ಕೋವಿಯಿರಲಿ, ಇಲ್ಲದಿರಲಿ, ಅದು ಪ್ರತಿಯೊಬ್ಬನಿಗೂ ಉಂಟು. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲವನ್ನು ಬಳಸಬೇಕೆಂಬುದು ಅದರ ಎಲ್ಲೆ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡಿಟ್ಟವನು ಆ ಎಲ್ಲೆಯನ್ನು ದಾಟಿದವನೆಂದು ತೀರ್ಮಾನವಾಗುವ ಅಪಾಯ ಬಲವಾಗಿದೆ.

ಈಗಿನ ಪರವಾನಗಿಯನ್ನು ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರವರೂ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯೂ ಕೊಡುತ್ತಾರೆ. ಬೇಡುವವನಿಗೆ 21 ವರ್ಷ ತುಂಬಿರಬೇಕು; ಏತಕ್ಕೆ ಬೇಕೆಂಬುದನ್ನು, ಆತ್ಮರಕ್ಷಣೆಗೋ ಬೆಳೆರಕ್ಷಣೆಗೋ, ತಿಳಿಸಬೇಕು. 2016ರ ನಿಯಮಗಳು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಆಯುಧದ ಸುರಕ್ಷಿತ ಬಳಕೆಯ ತರಬೇತಿಯನ್ನೂ ಭದ್ರವಾಗಿಡುವೆನೆಂಬ ಮುಚ್ಚಳಿಕೆಯನ್ನೂ ವಿಧಿಸಿದುವು. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕ ಬಂದೂಕು ತರಬೇತಿಯ ಶಿಬಿರಗಳನ್ನು ನಡೆಸುತ್ತದೆ. 2019ರ ತಿದ್ದುಪಡಿಯು ಒಬ್ಬನು ಇಡಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಸಂಭ್ರಮಕ್ಕೆಂದು ಜನರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನು ದಂಡನೀಯವಾಗಿಸಿತು.

ಇಂತಹ ತರಬೇತಿಯಲ್ಲಿ ಕಲಿಯತಕ್ಕ ಮೊದಲ ಪಾಠಗಳು ಗುರಿಯವಲ್ಲ, ಸಂಯಮದವು. ಪ್ರತಿಯೊಂದು ಕೋವಿಯನ್ನೂ ತುಂಬಿದ ಕೋವಿಯೆಂದೇ ತಿಳಿಯಬೇಕು. ನಳಿಕೆಯ ಬಾಯನ್ನು ಮನುಷ್ಯರ ಕಡೆಗೆ ತಿರುಗಿಸಬಾರದು. ಗುರಿ ನಿಶ್ಚಯವಾಗುವವರೆಗೂ ಬೆರಳು ಕುದುರೆಯ ಮೇಲೆ ಹೋಗಕೂಡದು. ಗುರಿಯ ಹಿಂದೆ ಏನಿದೆಯೆಂಬುದನ್ನು ನೋಡಿಕೊಳ್ಳಬೇಕು. ಮನೆಯೊಳಗೆ ಬರುವ ಮುನ್ನ ತೋಟಾಗಳನ್ನು ತೆಗೆಯಬೇಕು. ಕೋವಿಗೆ ಒಂದು ಬೀಗ, ತೋಟಾಗಳಿಗೆ ಬೇರೆ ಕಡೆ ಇನ್ನೊಂದು ಬೀಗ ಇರಬೇಕು. ಕಳ್ಳನು ವರ್ಷಕ್ಕೊಮ್ಮೆ ಬಂದಾನು, ಬಾರದೆಯೂ ಇದ್ದಾನು; ಮಕ್ಕಳು ದಿನವೂ ಮನೆಯಲ್ಲಿರುತ್ತಾರೆ. ಸಿಟ್ಟು, ಕುಡಿತ, ಬೇಸರ ಇವೂ ಮನೆಯಲ್ಲೇ ಹುಟ್ಟುವ ಶತ್ರುಗಳು. ಅವುಗಳ ಕೈಗೆ ಎಟುಕುವಂತೆ ಇಟ್ಟ ಆಯುಧವು ಕಾವಲಾಗುವುದಿಲ್ಲ.

ಇಂದು ಯಲಹಂಕ, ಹೆಬ್ಬಾಳ, ಯಶವಂತಪುರಗಳು ನಗರದೊಳಗೆ ಬೆರೆತುಹೋಗಿವೆ. ಹುಡೇವೂ ಇಲ್ಲ, ಕಳ್ಳಿಯ ಬೇಲಿಯೂ ಇಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಗುರಿ ತಪ್ಪಿದ ಗುಂಡು ಪಕ್ಕದ ಮನೆಯ ಕಿಟಕಿಯನ್ನು ಹೊಕ್ಕೀತು. ಹೀಗಿರಲು, ಒಬ್ಬನು ತನ್ನ ರಕ್ಷಣೆಗೆಂದು ಇಟ್ಟುಕೊಳ್ಳುವ ಕೋವಿಯ ವಿಷಯದಲ್ಲಿ ನೆರೆಯವರಿಗೂ ಮಾತುಂಟು. ಪರವಾನಗಿಯ ಕಾಗದ, ತರಬೇತಿ, ಬೀಗ ಇವುಗಳನ್ನು ಸರ್ಕಾರದ ಕಿರುಕುಳವೆಂದು ಎಣಿಸುವವರಿದ್ದಾರೆ. ಹಳೆಯ ಕಾಲದಲ್ಲಿ ಊರಿನ ಹಿರಿಯರೂ ಒಕ್ಕದ ಯಜಮಾನನೂ ನಡೆಸುತ್ತಿದ್ದ ಕಟ್ಟಳೆಯೇ ಈಗ ಕಾನೂನಿನ ರೂಪದಲ್ಲಿ ಬಂದಿದೆಯೆಂದು ಅವರು ತಿಳಿದರೆ ಸಾಕು. ಕಿತ್ತಯ್ಯನ ನಾಡವರು ಅವನಿಗೆ ಕಲ್ಲು ನಿಲ್ಲಿಸಿದ್ದು ಅವನ ಕೈಯಲ್ಲಿ ಆಯುಧವಿದ್ದುದಕ್ಕಾಗಿ ಅಲ್ಲ. ಅದು ತಮ್ಮೆಲ್ಲರ ಸಲುವಾಗಿ ಎದ್ದಿತೆಂಬುದಕ್ಕಾಗಿ.