ವಿಡಿಯೊ ಗೇಮ್‌ಗಳಲ್ಲಿ ವಿಜಯನಗರ: ಕಥೆ, ಬಣ ಮತ್ತು ಪಾತ್ರಗಳ ವಾದ

ಚರಿತ್ರೆಯನ್ನು ವಸ್ತುವಾಗಿಟ್ಟುಕೊಂಡ ವಿಡಿಯೊ ಗೇಮ್‌ಗಳಲ್ಲಿ ವಿಜಯನಗರ, ಬಹಮನಿ, ಹೊಯ್ಸಳ, ಚಾಲುಕ್ಯ ರಾಜ್ಯಗಳು ಕಾಣಿಸಿಕೊಂಡ ಬಗೆ ಈ ಲೇಖನದ ವಸ್ತು. ಅವುಗಳ ಕಥೆ, ಬಣ ಮತ್ತು ಪಾತ್ರಗಳನ್ನು ಕುರಿತ ವಾದದ ಚರಿತ್ರೆಯೂ ಇದರಲ್ಲಿ ಸೇರಿದೆ. ಯಾವ ಬಣ ನ್ಯಾಯದ್ದು, ಯಾವ ಅರಸನಿಗೆ ಸಲ್ಲಬೇಕಾದ ಗೌರವ ಸಂದಿಲ್ಲ, ಕಥೆ ಎಲ್ಲಿ ನಿಜದಿಂದ ದೂರ ಹೋಯಿತು ಎಂದು ಆಟಗಾರರು ಬಿಡದೆ ಜಗಳವಾಡುತ್ತಾರೆ. ಈ ಕಥೆಗಳ ಮೂಲ ನೆಲ ತುಂಗಭದ್ರೆಯ ಎರಡೂ ದಡ: ವಿಜಯನಗರ ಜಿಲ್ಲೆಯ ಹೊಸಪೇಟೆ ಮತ್ತು ಹಂಪಿ, ಬಳ್ಳಾರಿ ಜಿಲ್ಲೆಯ ಸಂಡೂರು ಮತ್ತು ಕಂಪ್ಲಿ, ಆಚೆ ದಡದ ಆನೆಗೊಂದಿ. ಗೇಮ್ ಎಂಬ ಪದವೇ ಇಲ್ಲದ ಕಾಲದಿಂದಲೂ ಈ ನೆಲದಲ್ಲಿ ಇಂಥ ವಾದ ನಡೆದುಬಂದಿದೆ. ಆದ್ದರಿಂದ ಲೇಖನವನ್ನು ಅಲ್ಲಿಂದಲೇ ಆರಂಭಿಸುವುದು ಸರಿ.

ಹಾಸುಗಲ್ಲಿನ ಆಟ, ಕೂತು ಆಡುವ ಮಾತು

ಹಂಪಿಯ ಮಂಟಪಗಳ ನೆಲದಲ್ಲಿ, ಬಂಡೆಗಳ ಮೈಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಕರ್ನಾಟಕದ ಹಳ್ಳಿಕಟ್ಟೆಗಳ ಮೇಲೂ ಇಂಥ ಗೆರೆಗಳಿವೆ. ಇಂಥ ಮನೆಗಳಲ್ಲಿ ಆಡುವ ಆಡು-ಹುಲಿ ಆಟದಲ್ಲಿ ಸಾಮಾನ್ಯವಾಗಿ ಒಬ್ಬನ ಕೈಯಲ್ಲಿ 3 ಹುಲಿ, ಇನ್ನೊಬ್ಬನ ಕೈಯಲ್ಲಿ 15 ಆಡು. ಹುಲಿ ಹಾರಿ ಆಡನ್ನು ತಿನ್ನಬೇಕು, ಆಡುಗಳು ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕಬೇಕು. ಎರಡು ಬಣಗಳ ಬಲವೂ ಬೇರೆ, ಗುರಿಯೂ ಬೇರೆ. ಇಂದಿನ ತಂತ್ರದ ಗೇಮ್‌ಗಳಲ್ಲಿ ಬಣಗಳನ್ನು ರೂಪಿಸುವುದೂ ಇದೇ ತತ್ತ್ವದ ಮೇಲೆ.

ಪಾತ್ರದ ಪರ ವಾದಿಸುವ ಕಲೆಯಂತೂ ಕನ್ನಡದಲ್ಲಿ ಯಾವತ್ತೋ ಪ್ರೌಢವಾಗಿತ್ತು. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ತನ್ನ ಪಾತ್ರದ ನಿಲುವನ್ನು ಎದುರಾಳಿಯ ಮುಂದೆ ಸಮರ್ಥಿಸಿಕೊಳ್ಳಬೇಕು. ವಾಲಿವಧೆ ಪ್ರಸಂಗದಲ್ಲಿ ಮರೆಯಿಂದ ಬಾಣ ಬಿಟ್ಟ ರಾಮನನ್ನು ಸಾಯುತ್ತಿರುವ ವಾಲಿ ಪ್ರಶ್ನಿಸುವಾಗ ಕೇಳುಗರ ಮನಸ್ಸು ಎರಡಾಗುತ್ತದೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇಂಥ ವಾದಕ್ಕೇ ಹೆಸರಾಗಿತ್ತು. ಆ ವಾಲಿಯ ಕಿಷ್ಕಿಂಧೆ ಆನೆಗೊಂದಿ ಮತ್ತು ಹಂಪಿಯ ಸುತ್ತಲಿನ ಬೆಟ್ಟಸಾಲು ಎಂಬುದು ಸ್ಥಳೀಯರ ನಂಬಿಕೆ. ಹಂಪಿಯ ಬಳಿ ನಿಂಬಾಪುರದಲ್ಲಿರುವ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗವೆನ್ನುತ್ತಾರೆ, ಪುರಾತತ್ತ್ವಜ್ಞರು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿ ಎನ್ನುತ್ತಾರೆ. ಒಂದೇ ದಿಬ್ಬಕ್ಕೆ ಹೀಗೆ ಎರಡು ಕಥೆಗಳಿವೆ.

ಕಂಪ್ಲಿಯ, ಅಂದರೆ ಅಂದಿನ ಕಂಪಿಲಿಯ ಕಥೆ ಇನ್ನೂ ಜಟಿಲವಾದುದು. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲಿಯ ಅರಸ ಆಶ್ರಯ ಕೊಟ್ಟ. ಅದೇ ಕಾರಣಕ್ಕೆ 1327ರ ಸುಮಾರಿಗೆ ರಾಜ್ಯ ನಾಶವಾಯಿತು. ಆ ಅರಸನ ಮಗ ಕುಮಾರರಾಮನ ಕಥೆಯನ್ನು 16ನೇ ಶತಮಾನದ ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ. ಕಾವ್ಯದ ರಾಮ ಪರನಾರಿ ಸಹೋದರ. ಮಲತಾಯಿ ರತ್ನಾಜಿಯ ಆರೋಪದಿಂದ ತಂದೆಯೇ ಅವನ ತಲೆ ಕಡಿಸಲು ಆಜ್ಞೆ ಮಾಡುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿಡುತ್ತಾನೆ, ಕೊನೆಗೆ ರಾಜ್ಯವನ್ನು ಕಾಯಲು ಆ ಮಗನೇ ಹೊರಬರಬೇಕಾಗುತ್ತದೆ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹೇಳುವುದು ಬೇರೆಯದೇ ಕಥೆ. ಕಂಪಿಲಿಯ ಅರಸ ಹೋರಾಡಿ ಸತ್ತ, ಸೆರೆಸಿಕ್ಕ ರಾಜಕುಮಾರರು ಮತ ಬದಲಿಸಿ ದೆಹಲಿಯ ಅಮೀರರಾದರು, ಅವರಲ್ಲಿ ಕೆಲವರನ್ನು ತಾನೇ ಕಂಡೆ ಎಂದು ಅವನು ಬರೆದಿದ್ದಾನೆ. ಹಾಡಿನ ಕಂಪಿಲಿ ಹುತಾತ್ಮನ ನೆನಪಿನಲ್ಲಿ ಮುಗಿಯುತ್ತದೆ, ಪ್ರವಾಸಿಯ ಕಂಪಿಲಿ ಬದುಕುಳಿದವರ ರಾಜಿಯಲ್ಲಿ. ಸಂಡೂರು ಸೀಮೆಯ ರಾಮನದುರ್ಗದ ಹೆಸರನ್ನು ಜನ ಇಂದಿಗೂ ಕುಮಾರರಾಮನಿಗೆ ಜೋಡಿಸುತ್ತಾರೆ. 2006ರಲ್ಲಿ ಶಿವರಾಜ್‌ಕುಮಾರ್ ಅಭಿನಯದ ‘ಗಂಡುಗಲಿ ಕುಮಾರರಾಮ’ ಸಿನಿಮಾ ಬಂದಾಗ ತೆರೆಗೆ ಏರಿದ್ದು ಕಾವ್ಯದ ರಾಮನೇ.

ಪರದೆಗೆ ಬಂದ ದಾರಿ

ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸಂಸ್ಥೆ 1997ರಲ್ಲೇ ಶುರುವಾಗಿ ಭಾರತದ ಗೇಮ್ ಉದ್ಯಮಕ್ಕೆ ದಾರಿ ಮಾಡಿತು. ಆದರೆ ಕನ್ನಡ ನೆಲದ ಚರಿತ್ರೆ ಜಗತ್ತಿನ ಗೇಮ್‌ಗಳಿಗೆ ಹೊಕ್ಕಿದ್ದು ಹೊರದೇಶದ ಸಂಸ್ಥೆಗಳ ಮೂಲಕ. ಆರಂಭದಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಇರಲಿಲ್ಲ. 2007ರ ‘ಏಜ್ ಆಫ್ ಎಂಪೈರ್ಸ್ 3: ದಿ ಏಷಿಯನ್ ಡೈನಾಸ್ಟೀಸ್’ನಲ್ಲಿ ಇಡೀ ದೇಶಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ಬಣವಿತ್ತು. ಅದಕ್ಕೆ ಕೊಟ್ಟ ಸ್ಮಾರಕಗಳು ಆಗ್ರಾ ಕೋಟೆ, ತಾಜ್ ಮಹಲ್, ಚಾರ್‌ಮಿನಾರ್, ಚಿತ್ತೋರಿನ ವಿಜಯಸ್ತಂಭ, ಕರಣಿ ಮಾತಾ ಮಂದಿರ. ತುಂಗಭದ್ರೆಯ ದಡದ ಒಂದು ಕಲ್ಲೂ ಆ ಪಟ್ಟಿಯಲ್ಲಿಲ್ಲ. ‘ಏಜ್ ಆಫ್ ಎಂಪೈರ್ಸ್ 2’ಕ್ಕೆ 2013ರಲ್ಲಿ ಸೇರಿದ ‘ಇಂಡಿಯನ್ಸ್’ ಬಣವೂ ಒಂಟೆಪಡೆಯನ್ನು ಮುಂದಿಟ್ಟುಕೊಂಡ ಬಡಗಣ ಚಿತ್ರವೇ ಆಗಿತ್ತು. ಇಷ್ಟು ದೊಡ್ಡ ನೆಲವನ್ನು ಒಂದೇ ಹೆಸರಿನಲ್ಲಿ ತುಂಬಿದ್ದು ಸರಿಯೇ ಎಂಬ ಪ್ರಶ್ನೆ ಆಗಿನಿಂದಲೇ ಇತ್ತು. 2022ರ ಏಪ್ರಿಲ್ 28ರಂದು ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ದಲ್ಲಿ ಆ ಬಣ ಒಡೆದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕಾಯಿತು.

ದ್ರಾವಿಡ ಬಣದ ವಿಶೇಷ ತಂತ್ರವಿದ್ಯೆಗಳಲ್ಲಿ ಒಂದರ ಹೆಸರು ‘ವೂಟ್ಜ್ ಸ್ಟೀಲ್’. ವೂಟ್ಜ್ ಎಂಬುದು ನಮ್ಮ ‘ಉಕ್ಕು’ ಪದವೇ ಯುರೋಪಿಯನ್ನರ ಬಾಯಲ್ಲಿ ತಿರುಗಿದ ರೂಪ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕಬ್ಬಿಣದ ಅದಿರಿನ ಬೆಟ್ಟಗಳ ನಡುವೆ ಬೆಳೆದ ಸಂಡೂರಿನ ಮಕ್ಕಳಿಗೆ ಈ ಪದದ ಮೂಲವನ್ನು ಹೇಳಿಕೊಡಬೇಕು. ಆದರೆ ಆ ಬಣದ ಕಥಾಭಾಗ ಚೋಳ ರಾಜೇಂದ್ರನದು. ಹೊಯ್ಸಳರಿಗೂ ವಿಜಯನಗರಕ್ಕೂ ಅಲ್ಲಿ ತಮ್ಮದೇ ಕಥೆಯಿಲ್ಲ. 2025ರ ‘ಸಿವಿಲೈಸೇಶನ್ 7’ ಕೂಡ ಮಧ್ಯಕಾಲದ ದಕ್ಷಿಣಕ್ಕೆ ಆರಿಸಿಕೊಂಡದ್ದು ಚೋಳರನ್ನೇ. ಚೋಳರ ನೌಕಾಬಲದ ಖ್ಯಾತಿ ಇದಕ್ಕೆ ಕಾರಣವಿರಬಹುದು. ಆದರೂ ದಕ್ಷಿಣವೆಂದರೆ ಚೋಳರಷ್ಟೇ ಎಂಬ ಗ್ರಹಿಕೆ ಗೇಮ್‌ಗಳಿಂದ ಗಟ್ಟಿಯಾಗುತ್ತಿದೆ ಎಂಬ ಕನ್ನಡಿಗರ ತಕರಾರಿನಲ್ಲಿ ಹುರುಳಿದೆ.

ಕನ್ನಡ ನೆಲವೇ ಕಥೆಯ ಕೇಂದ್ರವಾದ ದೊಡ್ಡ ಗೇಮ್ ಎಂದರೆ 2017ರ ಆಗಸ್ಟ್ 22ರಂದು ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ಕ್ಲೋಯಿ ಫ್ರೇಜರ್ ಮತ್ತು ನಡೀನ್ ರಾಸ್ ಎಂಬಿಬ್ಬರು ಹೊಯ್ಸಳರ ಕಾಲದ ಗಣೇಶನ ದಂತವನ್ನು ಹುಡುಕುತ್ತ ಪಶ್ಚಿಮ ಘಟ್ಟಕ್ಕೆ ಬರುತ್ತಾರೆ. ಬೇಲೂರು ಮತ್ತು ಹಳೇಬೀಡಿನ ಹೆಸರುಗಳು ಕಥೆಯಲ್ಲೇ ಬರುತ್ತವೆ. ಆದರೆ ಅಲ್ಲಿನ ಹಳೇಬೀಡು ಜಲಪಾತಗಳ ನಡುವಿನ ಕಲ್ಪನೆಯ ನಗರ, ನಿಜವಾದ ಹಳೇಬೀಡು ಬಯಲು ಸೀಮೆಯ ಕೆರೆದಂಡೆಯ ಊರು. ಭಾರತೀಯ ರಕ್ತದ ನಾಯಕಿ ಕ್ಲೋಯಿಗೆ ದನಿ ಕೊಡಬೇಕಾದವರು ಯಾರು, ಖಳನಾದ ಆಸಾವ್ ಬರಿಯ ದಂಗೆಕೋರನೋ ಅಥವಾ ಅವನ ಕೋಪಕ್ಕೂ ಆಧಾರವಿದೆಯೋ ಎಂಬ ಪಾತ್ರದ ವಾದಗಳೂ ಈ ಗೇಮ್‌ನ ಸುತ್ತ ಹುಟ್ಟಿವೆ. ಎರಡನೆಯ ಪ್ರಶ್ನೆಯನ್ನು ತಾಳಮದ್ದಳೆಯ ಅರ್ಥಧಾರಿ ಕೈಗೆತ್ತಿಕೊಂಡಿದ್ದರೆ ಇಡೀ ರಾತ್ರಿ ಸಾಲುತ್ತಿರಲಿಲ್ಲ.

ದೇವರು ಆಟದ ಪಾತ್ರವಾದಾಗಿನ ವಾದ ಬೇರೆ ಬಗೆಯದು. 2009ರಲ್ಲಿ ಹೈದರಾಬಾದಿನ ಸಂಸ್ಥೆಯೊಂದು ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ತಂದಾಗ, ದೇವರನ್ನು ಗುಂಡಿ ಒತ್ತಿ ಕುಣಿಸುವುದು ಅಪಚಾರವೆಂದು ಅಮೆರಿಕದ ಹಿಂದೂ ಸಂಘಟನೆಯೊಂದು ಆಕ್ಷೇಪಿಸಿತು. ಅಂಜನಾದ್ರಿಯ ಮೆಟ್ಟಿಲು ಹತ್ತಿ ಹನುಮನಿಗೆ ಕೈಮುಗಿಯುವ ತುಂಗಭದ್ರೆಯ ಸೀಮೆಯಲ್ಲೇ ಬಯಲಾಟದ ರಂಗದ ಮೇಲೆ ಹನುಮ ಶತಮಾನಗಳಿಂದ ಕುಣಿದಿದ್ದಾನೆ. ವೇಷಧಾರಿಯ ಭಕ್ತಿಗೂ ಆಟಗಾರನ ಬೆರಳಿಗೂ ನಡುವಿನ ಅಂತರ ಎಷ್ಟು ಎಂಬುದು ಗಂಭೀರವಾದ ಪ್ರಶ್ನೆಯೇ.

1444ರ ದೇವರಾಯ

ವಿಜಯನಗರಕ್ಕೆ ಗೇಮ್ ಲೋಕದಲ್ಲಿ ನಿಜವಾದ ನೆಲೆ ಕೊಟ್ಟದ್ದು ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ. 2014ರ ‘ಕ್ರುಸೇಡರ್ ಕಿಂಗ್ಸ್ 2: ರಾಜಾಸ್ ಆಫ್ ಇಂಡಿಯಾ’ ಭಾರತದ ಅರಸರನ್ನು ವ್ಯಕ್ತಿಗಳಾಗಿ, ಅಂದರೆ ಗುಣ, ದೋಷ, ದಾಯಾದಿ ಮತ್ಸರಗಳ ಸಮೇತ, ಆಟಗಾರನ ಕೈಗಿತ್ತಿತು. ಅದರ ಒಂದು ಆರಂಭದ ವರ್ಷ 1066. ಆಗ ಕಲ್ಯಾಣದಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರನ ಆಳ್ವಿಕೆ. ಎರಡು ವರ್ಷದ ಬಳಿಕ ವಾಸಿಯಾಗದ ಕಾಯಿಲೆಯಿಂದ ಅವನು ಕುರುವತ್ತಿಯಲ್ಲಿ ತುಂಗಭದ್ರೆಗೆ ದೇಹ ಒಪ್ಪಿಸಿದ. ಆಮೇಲೆ ಪಟ್ಟಕ್ಕಾಗಿ ಕಾದಾಡಿದ ಇಬ್ಬರು ಮಕ್ಕಳಲ್ಲಿ ಗೆದ್ದವನು ಆರನೇ ವಿಕ್ರಮಾದಿತ್ಯ, ಚರಿತ್ರೆ ಬರೆಸಿದವನೂ ಅವನೇ. ಅವನ ಆಸ್ಥಾನಕವಿ ಬಿಲ್ಹಣನ ಕಾವ್ಯದಲ್ಲಿ ಅಣ್ಣ ದುಷ್ಟ, ತಮ್ಮ ನಿರುಪಾಯದಿಂದ ಕತ್ತಿ ಹಿಡಿದ ಸಜ್ಜನ. ಸೋತ ಅಣ್ಣನ ಪಾತ್ರ ವಹಿಸಿ ಆಡುವವರಿಗೆ ಬಿಲ್ಹಣನ ತೀರ್ಪನ್ನು ಪ್ರಶ್ನಿಸುವ ಅವಕಾಶ ಸಿಗುತ್ತದೆ.

2013ರ ‘ಯುರೋಪಾ ಯೂನಿವರ್ಸಾಲಿಸ್ 4’ ಆರಂಭವಾಗುವುದು 1444ರ ನವೆಂಬರ್ 11ರಂದು. ನಕ್ಷೆಯಲ್ಲಿ ವಿಜಯನಗರವೂ ಬಹಮನಿಯೂ ಎದುರುಬದುರು ನಿಂತಿರುತ್ತವೆ. ಯಾವುದನ್ನು ಬೇಕಾದರೂ ಆರಿಸಿ 1821ರವರೆಗೆ ಆಡಬಹುದು. ವಿಜಯನಗರದಲ್ಲಿ ಆಗ ಇಮ್ಮಡಿ ದೇವರಾಯನ ಕೊನೆಯ ವರ್ಷಗಳು. ಹಿಂದಿನ ವರ್ಷವಷ್ಟೇ ಹೆರಾತಿನ ಶಾರುಖನ ರಾಯಭಾರಿ ಅಬ್ದುರ್ ರಜಾಕ್ ನಗರದ ಸುತ್ತುಕೋಟೆಗಳನ್ನೂ ಬಜಾರುಗಳನ್ನೂ ಕಂಡು ಬೆರಗಾಗಿದ್ದ. ಅರಸನ ತಮ್ಮನೇ ಅವನನ್ನು ಕೊಲ್ಲಿಸಲು ಯತ್ನಿಸಿದ್ದೂ ಅದೇ ಕಾಲದಲ್ಲಿ. ಇಂಥ ಅರಸನನ್ನು ಈ ಗೇಮ್ ಆಡಳಿತ, ರಾಜತಂತ್ರ, ಸೇನೆ ಎಂಬ 3 ಅಂಕಗಳಲ್ಲಿ ಹೇಳಿ ಮುಗಿಸುತ್ತದೆ. ಪ್ರತಿ ಅಂಕವೂ 0ಯಿಂದ 6ರೊಳಗೆ. ಪಾತ್ರವಿಮರ್ಶೆ ಎಂಬುದು ಇಲ್ಲಿ ಅಂಕದ ಜಗಳವಾಗುತ್ತದೆ: ನಮ್ಮ ರಾಯನಿಗೆ ಇಷ್ಟೇ ಏಕೆ, ಎದುರಾಳಿ ಸುಲ್ತಾನನಿಗೆ ಅಷ್ಟು ಏಕೆ?

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಆ ಗೇಮ್‌ನಲ್ಲಿ ಪ್ರತಿ ರಾಜ್ಯಕ್ಕೂ ಒಂದು ಪ್ರಧಾನ ಸಂಸ್ಕೃತಿ, ಪ್ರತಿ ಪ್ರಾಂತಕ್ಕೂ ಒಂದು ಸಂಸ್ಕೃತಿ ಮತ್ತು ಒಂದು ಧರ್ಮ ಇರಲೇಬೇಕು. ಖಾನೆ ಒಂದೇ, ಉತ್ತರವೂ ಒಂದೇ. ವಿಜಯನಗರ ಕನ್ನಡಿಗರದೋ ತೆಲುಗರದೋ ಎಂಬುದು 20ನೇ ಶತಮಾನದ ಇತಿಹಾಸಕಾರರನ್ನು ಎರಡು ಬಣ ಮಾಡಿದ ಪ್ರಶ್ನೆ. ರಾಜ್ಯ ಕಟ್ಟಿದ ಹರಿಹರ ಮತ್ತು ಬುಕ್ಕರು ಕಾಕತೀಯರ ಓರುಗಲ್ಲಿನಿಂದ ಬಂದವರು, ಕಂಪಿಲಿಯಲ್ಲಿ ಸೆರೆಯಾಗಿ ದೆಹಲಿಗೆ ಹೋಗಿ ಮರಳಿದವರು ಎಂಬ ಪರಂಪರೆಯನ್ನು ಎನ್. ವೆಂಕಟರಮಣಯ್ಯ ಎತ್ತಿಹಿಡಿದರು. ಹೆನ್ರಿ ಹೆರಾಸ್, ಬಿ.ಎ. ಸಾಲೆತ್ತೂರು, ಪಿ.ಬಿ. ದೇಸಾಯಿ ಅವರು ಶಾಸನಗಳನ್ನು ಮುಂದಿಟ್ಟು ಹೊಯ್ಸಳ ಸಂಬಂಧವನ್ನೂ ಕನ್ನಡ ಮೂಲವನ್ನೂ ವಾದಿಸಿದರು. ಅವರ ಗ್ರಂಥಗಳಲ್ಲಿ ನೂರಾರು ಪುಟ ನಡೆದ ಚರ್ಚೆಯನ್ನು ಗೇಮ್ ಒಂದು ಪದದಲ್ಲಿ ತೀರ್ಮಾನಿಸಬೇಕು. ಹಂಪಿಯ ಶಾಸನಗಳಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಇವೆ, ಕೃಷ್ಣದೇವರಾಯ ತೆಲುಗಿನಲ್ಲಿ ಕಾವ್ಯ ಬರೆದ, ತಮಿಳು ನೆಲವನ್ನು ಆಳಿದ. ಒಂದೇ ಖಾನೆ ತುಂಬುವ ಗೇಮ್ ಆಟಗಾರನಿಗೆ ಸುಲಭವಾದೀತು, ಈ ರಾಜ್ಯಕ್ಕೆ ಅದು ಮಾಡುವುದು ಅನ್ಯಾಯ.

ಧರ್ಮದ ಖಾನೆಗೂ ಇದೇ ಮಾತು. ಹಿಂದೂ ವಿಜಯನಗರ, ಮುಸ್ಲಿಂ ಬಹಮನಿ ಎಂದು ಬಣ್ಣ ಹಚ್ಚಿದ ನಕ್ಷೆ ನೋಡಿದವರು ಹಂಪಿಯಲ್ಲಿ ಅಹಮದ್ ಖಾನನ ಧರ್ಮಸಾಲೆಯ ಮುಂದೆ ಒಮ್ಮೆ ನಿಲ್ಲಬೇಕು. ಮಸೀದಿ ಎಂದು ಕರೆಯುವ ಆ ಕಟ್ಟಡವನ್ನು ದೇವರಾಯನ ಈ ಸೇನಾನಿ 1439ರಲ್ಲಿ ಅರಸನ ಪುಣ್ಯಕ್ಕಾಗಿ ಕಟ್ಟಿಸಿದ. ಶಾಸನದಲ್ಲಿ ಬರೆಸಿದ್ದು ಧರ್ಮಸಾಲೆ ಎಂದೇ. ದೇವರಾಯನ ಸಂಗಮ ವಂಶದ ಅರಸರು ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಧರಿಸಿದ್ದರು. ಸುಲ್ತಾನ ಎಂಬ ಪದವನ್ನು ಸಂಸ್ಕೃತದ ಬಾಯಲ್ಲಿ ಸುರತ್ರಾಣ ಮಾಡಿಕೊಂಡು ಹೆಮ್ಮೆಯಿಂದ ಹೊತ್ತ ಈ ಆಸ್ಥಾನದ ವೇಷಭೂಷಣ ಮತ್ತು ಪದವಿಗಳನ್ನು ಫಿಲಿಪ್ ವ್ಯಾಗನರ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ವಿವರಿಸುತ್ತದೆ.

ರಕ್ಕಸಗಿ ತಂಗಡಗಿಯ ನಂತರ

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ವಿಜಯನಗರ ಕಂಡ ಸೋಲು ಆಟಗಾರರು ಅತಿ ಹೆಚ್ಚು ಸಲ ಬದಲಿಸಲು ಯತ್ನಿಸುವ ಘಟನೆ. 1444ರಿಂದ ಆಡಿದರೆ ಆ ಯುದ್ಧ ನಡೆಯಲೇಬೇಕೆಂದಿಲ್ಲ. ವಾದ ಮತ್ತೆ ಪಾತ್ರದತ್ತ ತಿರುಗುತ್ತದೆ: ಅಳಿಯ ರಾಮರಾಯ ಸಾಮ್ರಾಜ್ಯವನ್ನು ಉಳಿಸಿದವನೋ ಕೆಡಿಸಿದವನೋ? ಹಿಂದೆ ಗೋಲ್ಕೊಂಡದ ಸೇವೆಯಲ್ಲಿದ್ದವನು, ಬಿಜಾಪುರದ ಅಲಿ ಆದಿಲ್ ಶಾಹನನ್ನು ಮಗನೆಂದು ಕರೆದವನು, ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಇಪ್ಪತ್ತು ವರ್ಷ ಆಳಿದವನು, ಕೊನೆಗೆ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರಗಳನ್ನು ಒಂದಾಗಿಸಿದ್ದೂ ಅವನೇ. ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ ಈ ರಾಮರಾಯನನ್ನೇ ಕಣ್ಣಿಟ್ಟು ನೋಡುತ್ತದೆ. ಅವನನ್ನು ದೇವರೂ ಮಾಡದೆ ಖಳನನ್ನೂ ಮಾಡದೆ ನಾಟಕಕಾರ ತೋರಿದ ಸಹನೆ ಗೇಮ್‌ಗಳ ಕಥೆಗಾರರಿಗೂ ಬರಬೇಕು.

2025ರ ನವೆಂಬರ್‌ನಲ್ಲಿ ಬಂದ ‘ಯುರೋಪಾ ಯೂನಿವರ್ಸಾಲಿಸ್ 5’ ಆರಂಭದ ದಿನವನ್ನು 1337ರ ಏಪ್ರಿಲ್ 1ಕ್ಕೆ ಹಿಂದೆ ಸರಿಸಿದೆ. ಕಂಪಿಲಿ ಬಿದ್ದು ಹತ್ತು ವರ್ಷ ಕಳೆದಿದೆ. ದೆಹಲಿಯಲ್ಲಿ ತುಘಲಕ ಇನ್ನೂ ಸಿಂಹಾಸನದಲ್ಲಿದ್ದಾನೆ, ಹೊಯ್ಸಳ ಅರಸ ಮುಮ್ಮಡಿ ಬಲ್ಲಾಳನೂ ಬದುಕಿದ್ದಾನೆ, ಪರಂಪರೆ ಹೇಳುವ 1336ರ ಲೆಕ್ಕ ಹಿಡಿದರೆ ವಿಜಯನಗರಕ್ಕೆ ಒಂದು ವರ್ಷ. ಹರಿಹರ ಯಾರ ಕಡೆಯವನು ಎಂದು ವಿದ್ವಾಂಸರು ಇನ್ನೂ ಒಪ್ಪಿಲ್ಲದ ದಶಕ ಅದು.